ಯಾರೊಂದಿಗೆ ಶ್ರುತಿ ಕೂಡಬೇಕು: ಅರೆವಾಹಕ ಲೇಸರಿನ ಆವೃತ್ತಿಯನ್ನು ಹಿಡಿದಿಡುವ ದಾರಿಗಳ ಹೋಲಿಕೆ

ಕಳೆದ ಮಳೆಗಾಲದ ಒಂದೇ ವಾರದಲ್ಲಿ ಇಬ್ಬರು ನಮ್ಮ ಮನೆಗೆ ಬಂದು ಒಂದೇ ಪ್ರಶ್ನೆ ಕೇಳಿದರು. ಒಬ್ಬ ಬದಿಯಡ್ಕದ ಕಡೆ ಮನೆಮನೆಗೆ ಫೈಬರ್ ಎಳೆದು ಇಂಟರ್‌ನೆಟ್ ಕೊಡುವ ಹುಡುಗ. ಇನ್ನೊಬ್ಬಳು ಪೆರ್ಲದವಳು, ಭೌತಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. “ಮಾಷ್ಟ್ರೇ, ಲೇಸರಿನ ಆವೃತ್ತಿ ಕದಲದಂತೆ ಮಾಡಲು ಯಾವ ಉಪಕರಣ ತೆಗೆದುಕೊಳ್ಳಬೇಕು?” ಹುಡುಗನಿಗೆ ಏನೂ ಬೇಡ ಎಂದು ಹೇಳಿ ಹತ್ತು ನಿಮಿಷದಲ್ಲಿ ಕಳುಹಿಸಿದೆ. ವಿದ್ಯಾರ್ಥಿನಿಯ ಜೊತೆ ಮೂರು ಸಂಜೆ ಕುಳಿತುಕೊಳ್ಳಬೇಕಾಯಿತು. ಆ ಮಾತುಕತೆಯನ್ನೇ ಇಲ್ಲಿ ಸ್ವಲ್ಪ ಒಪ್ಪವಾಗಿ ಬರೆದಿದ್ದೇನೆ.

ಕಾಸರಗೋಡಿನಲ್ಲಿ ಯಕ್ಷಗಾನ ನೋಡುತ್ತ ಬೆಳೆದವರಿಗೆ ಈ ವಿಷಯದ ಬೇರು ಗೊತ್ತೇ ಇದೆ. ಮಳೆಗಾಲದ ತಂಪಿಗೆ ಮದ್ದಳೆಯ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಅದು ಎಷ್ಟು ಇಳಿದರೆ ತಪ್ಪು ಎಂಬುದನ್ನು ಮದ್ದಳೆ ಒಂದನ್ನೇ ಇಟ್ಟುಕೊಂಡು ಹೇಳಲಾಗುವುದಿಲ್ಲ. ಭಾಗವತರು ಹಿಡಿದ ಶ್ರುತಿಗೆ ಅದು ಕೂಡುತ್ತದೆಯೇ ಎಂಬುದೇ ಪ್ರಶ್ನೆ. ಲೇಸರಿಗೂ ಮೊದಲು ಇದನ್ನೇ ಕೇಳಬೇಕು: ನಿನ್ನ ಲೇಸರ್ ಯಾರೊಂದಿಗೆ ಕೂಡಬೇಕು? ಬೇಕಾದ ಬಣ್ಣದ ಬೆಳಕನ್ನು ಮಾತ್ರ ಬಿಡುವ ಒಂದು ಅಗಲವಾದ ಸೋಸುಕದೊಂದಿಗೋ (ಫಿಲ್ಟರ್), ಪಕ್ಕದ ವಾಹಿನಿಯ (ಚಾನೆಲ್) ಲೇಸರಿನೊಂದಿಗೋ, ನೂರು ಕಿಲೋಮೀಟರ್ ಆಚೆಯ ಇನ್ನೊಂದು ಲೇಸರಿನೊಂದಿಗೋ, ಅಥವಾ ಯಾವುದಾದರೂ ಪರಮಾಣುವಿನೊಂದಿಗೋ? ಉತ್ತರ ಬದಲಾದರೆ ಕೊಳ್ಳಬೇಕಾದ ವಸ್ತುವೂ ಬದಲಾಗುತ್ತದೆ.

ಮೂರು ಬೇರೆ ಬೇರೆ ದೋಷಗಳು

ದೂರದ ಸಂವಹನಕ್ಕೆ ಬಳಸುವ ಬೆಳಕಿನ ತರಂಗದೂರ 1550 ನ್ಯಾನೋಮೀಟರಿನ ಆಸುಪಾಸಿನದು. ಆವೃತ್ತಿಯ ಲೆಕ್ಕದಲ್ಲಿ ಸುಮಾರು 193 ಟೆರಾಹರ್ಟ್ಸ್. ಇಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಡಿಎಫ್‌ಬಿ (ಡಿಸ್ಟ್ರಿಬ್ಯೂಟೆಡ್ ಫೀಡ್‌ಬ್ಯಾಕ್) ಲೇಸರ್. ಅದರ ಚಿಪ್‌ನೊಳಗೇ ಒಂದು ಸೂಕ್ಷ್ಮ ಗೀರುಸಾಲು ಇರುತ್ತದೆ. ಯಾವ ತರಂಗದೂರ ಹೊರಬರಬೇಕೆಂದು ನಿರ್ಧರಿಸುವುದು ಆ ಗೀರುಗಳ ನಡುವಿನ ಅಂತರ ಮತ್ತು ಅರೆವಾಹಕದ ವಕ್ರೀಭವನ ಸೂಚ್ಯಂಕ. ಬಿಸಿಯಾದರೆ ಎರಡೂ ಹಿಗ್ಗುತ್ತವೆ. ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.1 ನ್ಯಾನೋಮೀಟರ್, ಅಂದರೆ ಸುಮಾರು 12 ಗಿಗಾಹರ್ಟ್ಸ್ ಜಾರಿಕೆ. ಚಾಲಕ ವಿದ್ಯುತ್ತು ಬದಲಾದರೂ ಜಾರುತ್ತದೆ. ಒಂದು ಮಿಲಿಆಂಪಿಯರ್‌ಗೆ ಹೆಚ್ಚುಕಡಿಮೆ ಒಂದು ಗಿಗಾಹರ್ಟ್ಸ್ ಎಂದು ಇಟ್ಟುಕೊಳ್ಳಬಹುದು, ಲೇಸರಿನಿಂದ ಲೇಸರಿಗೆ ಇದು ಬೇರೆಯಾಗುತ್ತದೆ. ಈ ಎರಡು ಅಂಕಿಗಳನ್ನು ನೆನಪಿನಲ್ಲಿಡಿ. ಮುಂದಿನ ಎಲ್ಲ ಲೆಕ್ಕವೂ ಇವುಗಳ ಮೇಲೆಯೇ ನಿಂತಿದೆ.

‘ಸ್ಥಿರತೆ’ ಎಂಬ ಒಂದೇ ಪದದಲ್ಲಿ ಮೂರು ಸಂಗತಿಗಳನ್ನು ಬೆರೆಸಿಬಿಡುತ್ತೇವೆ. ಇರಬೇಕಾದ ಜಾಗದಲ್ಲಿ ಲೇಸರ್ ಇದೆಯೇ ಎಂಬುದು ನಿಖರತೆ. ಗಂಟೆ, ದಿನ, ವರ್ಷಗಳಲ್ಲಿ ಮೆಲ್ಲಗೆ ಸರಿಯುವುದು ಜಾರಿಕೆ. ಒಂದು ಕ್ಷಣದೊಳಗೇ ಅತ್ತಿತ್ತ ನಡುಗುವುದನ್ನು ರೇಖೆಯ ಅಗಲ ಎಂದು ಅಳೆಯುತ್ತೇವೆ. ಜಾರಿಕೆಗೆ ಕೊಟ್ಟ ಮದ್ದು ನಡುಕಕ್ಕೆ ತಾಗುವುದಿಲ್ಲ. ನಡುಕವನ್ನು ಹಿಡಿಯುವ ಉಪಕರಣ ತಪ್ಪು ಜಾಗದಲ್ಲೇ ಗಟ್ಟಿಯಾಗಿ ಹಿಡಿದು ಕುಳಿತುಕೊಳ್ಳಬಹುದು. ದುಡ್ಡು ಪೋಲಾಗುವುದು ಬಹಳ ಸಲ ಈ ಗೊಂದಲದಿಂದಲೇ.

ಏನೂ ಬೇಡದ ಕಡೆ

ಬದಿಯಡ್ಕದ ಹುಡುಗನ ಜಾಲ ಜಿಪಾನ್ ಬಗೆಯದು, ಅಂದರೆ ಕಚೇರಿಯಿಂದ ಹೊರಟ ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವಂಥದ್ದು. ಕಚೇರಿಯಿಂದ ಮನೆಗೆ 1490 ನ್ಯಾನೋಮೀಟರ್, ಮನೆಯಿಂದ ಕಚೇರಿಗೆ 1310. ಮನೆಯ ಪೆಟ್ಟಿಗೆಯ ಲೇಸರಿಗೆ ಕೊಟ್ಟಿರುವ ಪಟ್ಟಿಯನ್ನು ಕಿರಿದು ಮಾಡಿದರೂ ಅದು 1290ರಿಂದ 1330ರವರೆಗೆ, 40 ನ್ಯಾನೋಮೀಟರ್ ಅಗಲವಿದೆ. ಹಂಚಿನ ಮಾಡಿನ ಕೆಳಗೆ ಏಪ್ರಿಲ್ ಸೆಕೆಯಲ್ಲಿ ಪೆಟ್ಟಿಗೆಯೊಳಗೆ 60 ಡಿಗ್ರಿ ಏರಿದರೂ ಡಿಎಫ್‌ಬಿ ಲೇಸರ್ ಅಲ್ಲಿಂದ ಇಲ್ಲಿಗೆ ಆರು ನ್ಯಾನೋಮೀಟರ್ ಜಾರಬಹುದು, ಅಷ್ಟೆ. ಎಕ್ಕರೆಗಟ್ಟಲೆ ತೋಟದ ನಡುವೆ ಕಟ್ಟಿದ ಕರು ನಾಲ್ಕು ಹೆಜ್ಜೆ ಸರಿದರೆ ಪಕ್ಕದವರ ತೋಟಕ್ಕೆ ಹೋಗುವುದಿಲ್ಲ. ಅವನ ಸಂಪರ್ಕ ಕಡಿಯುತ್ತಿದ್ದದ್ದು ಕೊಳಕಾದ ಕನೆಕ್ಟರ್‌ನಿಂದ; ಅದನ್ನು ಒರೆಸಿದ ಮೇಲೆ ಸರಿಯಾಯಿತು.

ಒಂದೇ ಫೈಬರಿನಲ್ಲಿ ಹಲವು ತರಂಗದೂರಗಳನ್ನು ದೂರ ದೂರ ಇಟ್ಟು ಕಳುಹಿಸುವ ಒರಟು ತರಂಗದೂರ ವಿಭಜನೆಯದ್ದೂ, ಅಂದರೆ ಸಿಡಬ್ಲ್ಯುಡಿಎಂನದ್ದೂ ಇದೇ ಕತೆ. 1271ರಿಂದ 1611 ನ್ಯಾನೋಮೀಟರ್‌ವರೆಗೆ 20 ನ್ಯಾನೋಮೀಟರ್ ಅಂತರದಲ್ಲಿ 18 ವಾಹಿನಿಗಳು. ಸೋಸುಕದ ಬಾಗಿಲು ಸುಮಾರು 13 ನ್ಯಾನೋಮೀಟರ್ ಅಗಲ. ಸೊನ್ನೆಯಿಂದ 70 ಡಿಗ್ರಿವರೆಗೆ ತಣಿಸದ ಲೇಸರ್ ಜಾರುವುದು ಏಳು ನ್ಯಾನೋಮೀಟರ್. ಈ ಅಂತರವನ್ನು ಇಷ್ಟು ದೊಡ್ಡದಾಗಿ ಇಟ್ಟದ್ದೇ ತಣಿಸುವ ಖರ್ಚನ್ನು ಉಳಿಸಲು. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಒಂದೇ ಫೈಬರ್ ಜೋಡಿಯಲ್ಲಿ ನಾಲ್ಕೆಂಟು ವಾಹಿನಿಗಳನ್ನು ಕಳುಹಿಸಬೇಕೆನ್ನುವವರು ಇದನ್ನೇ ಆರಿಸಲಿ. ಆವೃತ್ತಿ ಸ್ಥಿರೀಕರಣದ ಯೋಚನೆಯನ್ನೇ ಮಾಡಬೇಕಾಗಿಲ್ಲ.

ಉಷ್ಣತೆ ಮತ್ತು ವಿದ್ಯುತ್ತು: ಉಳಿದೆಲ್ಲದರ ಅಡಿಪಾಯ

ತರಂಗದೂರಗಳನ್ನು ಒತ್ತೊತ್ತಾಗಿ ಇಡುವ ದಟ್ಟ ವಿಭಜನೆಗೆ, ಅಂದರೆ ಡಿಡಬ್ಲ್ಯುಡಿಎಂಗೆ ಬಂದ ಕೂಡಲೇ ಲೆಕ್ಕ ಬಿಗಿಯಾಗುತ್ತದೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಾಲರಿ 193.1 ಟೆರಾಹರ್ಟ್ಸ್‌ನಲ್ಲಿ ಗೂಟ ಹೊಡೆದು, ಅಲ್ಲಿಂದ ಎರಡೂ ಕಡೆಗೆ 100 ಅಥವಾ 50 ಗಿಗಾಹರ್ಟ್ಸ್ ಅಂತರದಲ್ಲಿ ಗುರುತು ಹಾಕುತ್ತದೆ. ಇನ್ನೂ ಕಿರಿದಾದ ಅಂತರಗಳೂ ಇವೆ. ಎಂಟು ಡಿಗ್ರಿ ಬಿಸಿಯೇರಿದರೆ ಲೇಸರ್ ಪೂರ್ತಿ ಒಂದು ವಾಹಿನಿಯನ್ನು ದಾಟಿ ಪಕ್ಕದವನ ಜಾಗದಲ್ಲಿ ನಿಂತಿರುತ್ತದೆ. ಆದ್ದರಿಂದ ವಿದ್ಯುತ್ತಿನಿಂದ ತಣಿಸುವ ಪೆಲ್ಟಿಯರ್ ತಣಿಸುಕ ಮತ್ತು ಉಷ್ಣತೆಗೆ ತಕ್ಕಂತೆ ರೋಧ ಬದಲಾಗುವ ಥರ್ಮಿಸ್ಟರ್ ಇಲ್ಲದೆ ನಡೆಯುವುದಿಲ್ಲ. 14 ಕಾಲುಗಳ ಬಟರ್‌ಫ್ಲೈ ಪೊಟ್ಟಣದಲ್ಲಿ ಇವೆರಡೂ ಒಳಗೇ ಇರುತ್ತವೆ.

ಉಷ್ಣತೆಯನ್ನು 0.1 ಡಿಗ್ರಿಯೊಳಗೆ ಹಿಡಿದರೆ ಜಾರಿಕೆ ಸುಮಾರು 1.2 ಗಿಗಾಹರ್ಟ್ಸ್, 100 ಗಿಗಾಹರ್ಟ್ಸ್ ಅಂತರದ ಜಾಲಕ್ಕೆ ಇಷ್ಟು ಧಾರಾಳವಾಗಿ ಸಾಕು. 0.001 ಡಿಗ್ರಿಯೊಳಗೆ ಹಿಡಿದರೆ 12 ಮೆಗಾಹರ್ಟ್ಸ್. ಸಾಮಾನ್ಯವಾಗಿ ಬಳಸುವ 10 ಕಿಲೋಓಮ್ ಥರ್ಮಿಸ್ಟರಿನ ರೋಧ 25 ಡಿಗ್ರಿಯ ಬಳಿ ಒಂದು ಡಿಗ್ರಿಗೆ ಸುಮಾರು 440 ಓಮ್ ಬದಲಾಗುತ್ತದೆ. ಹಾಗಾಗಿ ಸಾವಿರದ ಒಂದು ಪಾಲು ಎಂದರೆ ಅರ್ಧ ಓಮ್‌ಗಿಂತ ಕಡಿಮೆ. ಇದು ಸಾಧ್ಯವಿದೆ, ಆದರೆ ತಂತಿ, ಬೆಸುಗೆ, ಹೋಲಿಕೆಗೆ ಇಟ್ಟ ರೋಧಕ ಎಲ್ಲವೂ ಒಳ್ಳೆಯದಿರಬೇಕು.

ವಿದ್ಯುತ್ತಿನ ಕಡೆಯ ಲೆಕ್ಕವನ್ನು ಜನ ಮರೆಯುತ್ತಾರೆ. ಒಂದು ಮಿಲಿಆಂಪಿಯರ್‌ಗೆ ಒಂದು ಗಿಗಾಹರ್ಟ್ಸ್ ಆದರೆ ಒಂದು ಮೈಕ್ರೋಆಂಪಿಯರ್ ಗದ್ದಲಕ್ಕೆ ಒಂದು ಮೆಗಾಹರ್ಟ್ಸ್ ನಡುಕ. ಗೋಡೆಯ ಪ್ಲಗ್‌ನಿಂದ ಬರುವ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಚಾಲಕದೊಳಗೆ ನುಸುಳಿದರೆ ಲೇಸರ್ ಅದೇ ತಾಳಕ್ಕೆ ಕುಣಿಯುತ್ತದೆ. ವಿದ್ಯಾರ್ಥಿನಿಗೆ ನಾನು ಮೊದಲು ಹೇಳಿದ ಮಾತು, ಕೈಯಲ್ಲಿರುವ ದುಡ್ಡಿನ ದೊಡ್ಡ ಪಾಲನ್ನು ಒಳ್ಳೆಯ ವಿದ್ಯುತ್ ಚಾಲಕಕ್ಕೆ ಹಾಕು ಎಂದು. ಪ್ರಯೋಗದ ಹೊತ್ತಿಗೆ ಮಾತ್ರ ಬ್ಯಾಟರಿಯಿಂದ ನಡೆಸಿದರೆ ಇನ್ನೂ ಒಳ್ಳೆಯದು. ತುಲಾ ತಿಂಗಳ ಸಂಜೆಯ ಗುಡುಗು ಮಿಂಚಿಗೂ ಅದು ರಕ್ಷಣೆ. ಮಿಂಚಿನ ಹೊತ್ತಿಗೆ ಲೇಸರ್ ಡಯೋಡ್ ಕಳೆದುಕೊಳ್ಳಲು ಒಂದು ಮೈಕ್ರೋಸೆಕೆಂಡು ಸಾಕು.

ನಮ್ಮ ಊರಿಗೇ ಸಂಬಂಧಿಸಿದ ಒಂದು ಎಚ್ಚರಿಕೆ. ಹಿಂದೊಮ್ಮೆ ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಬೇರೆ ದೇಶದ ಕೈಪಿಡಿ ನೋಡಿ ತೆರೆದ ಪೀಠದ ಮೇಲಿನ ಲೇಸರನ್ನು 15 ಡಿಗ್ರಿಗೆ ಇಟ್ಟಿದ್ದರು. ಜೂನ್ ತಿಂಗಳು. ಮಧ್ಯಾಹ್ನದ ಹೊತ್ತಿಗೆ ಡಯೋಡಿನ ಗಾಜಿನ ಮೇಲೆ ನೀರಿನ ಹನಿಗಳು ಕೂತಿದ್ದವು, ಸಂಜೆಗೆ ಲೇಸರ್ ಸತ್ತಿತ್ತು. ಮಳೆಗಾಲದಲ್ಲಿ ಕರಾವಳಿಯ ಗಾಳಿ ಹನಿಗಟ್ಟುವ ಉಷ್ಣತೆ 24–25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ತೆರೆದ ಪೀಠವಾದರೆ ಅದಕ್ಕಿಂತ ಮೇಲೆಯೇ, 27 ಅಥವಾ 28ರಲ್ಲಿ ಕೆಲಸ ಮಾಡಿಸಿ. ಬೇಕಾದ ತರಂಗದೂರ ಆ ಉಷ್ಣತೆಯಲ್ಲೇ ಸಿಗುವ ಡಯೋಡನ್ನು ಆರಿಸಿ. ಮುಚ್ಚಿ ಬೆಸೆದ ಬಟರ್‌ಫ್ಲೈ ಪೊಟ್ಟಣಕ್ಕೆ ಈ ಭಯವಿಲ್ಲ. ಅದೊಂದೇ ಕಾರಣಕ್ಕೆ ನಾನು ಇಲ್ಲಿಯವರಿಗೆ ಅದನ್ನೇ ಹೇಳುತ್ತೇನೆ.

ಈ ದಾರಿಯ ಮಿತಿ ಎಲ್ಲಿ? ಥರ್ಮಿಸ್ಟರ್ ಅಳೆಯುವುದು ತನ್ನ ಉಷ್ಣತೆಯನ್ನು. ಬೆಳಕು ಹುಟ್ಟುವ ಜಾಗ ಅದರಿಂದ ಸ್ವಲ್ಪ ದೂರದಲ್ಲಿದೆ. ವಯಸ್ಸಾದಂತೆ ಅಷ್ಟೇ ಬೆಳಕಿಗೆ ಹೆಚ್ಚು ವಿದ್ಯುತ್ತು ಬೇಕಾಗುತ್ತದೆ, ಒಳಗಿನ ಬಿಸಿ ಏರುತ್ತದೆ, ಥರ್ಮಿಸ್ಟರಿಗೆ ಅದು ಪೂರ್ತಿ ಗೊತ್ತಾಗುವುದಿಲ್ಲ. ವರ್ಷಗಳಲ್ಲಿ ಕೆಲವು ಗಿಗಾಹರ್ಟ್ಸ್ ಹೀಗೆ ಕಣ್ಣಿಗೆ ಬೀಳದೆ ಸರಿದುಹೋಗುತ್ತವೆ. 100 ಗಿಗಾಹರ್ಟ್ಸ್ ಜಾಲದಲ್ಲಿ ಅದು ನಡೆದೀತು. 50ರಲ್ಲಿ ಬೆಳಕನ್ನೇ ನೋಡಿ ಹೇಳುವ ಒಬ್ಬ ಸಾಕ್ಷಿ ಬೇಕು.

ಎಟಲಾನ್: ಜಾಲರಿಗೆ ತಕ್ಕ ಸಾಕ್ಷಿ

ಎರಡೂ ಮುಖಗಳು ಅರೆಗನ್ನಡಿಯಾಗಿರುವ ಸಮಾನಾಂತರ ಗಾಜಿನ ಬಿಲ್ಲೆಯೇ ಎಟಲಾನ್. ಬೆಳಕು ಒಳಗೆ ಹೋಗಿ ಬಂದು ಮಾಡುತ್ತ ತನ್ನೊಂದಿಗೆ ತಾನೇ ಕೂಡುತ್ತದೆ. ಸಮ ಅಂತರದ ಆವೃತ್ತಿಗಳಲ್ಲಿ ಮಾತ್ರ ಚೆನ್ನಾಗಿ ದಾಟುತ್ತದೆ. ಸುಮಾರು ಎರಡು ಮಿಲಿಮೀಟರ್ ದಪ್ಪದ ಗಾಜಾದರೆ ಆ ಅಂತರ 50 ಗಿಗಾಹರ್ಟ್ಸ್. ಜಾಲರಿಯ ಅಂತರವೂ ಅಷ್ಟೇ! ಹಾಗಾಗಿ ಒಂದೇ ಬಿಲ್ಲೆ ಎಲ್ಲ ವಾಹಿನಿಗಳಿಗೂ ಆಗುತ್ತದೆ. ಲೇಸರಿನ ಬೆಳಕಿನ ಒಂದು ಚೂರನ್ನು ಎರಡು ಪಾಲು ಮಾಡಿ, ಒಂದನ್ನು ನೇರವಾಗಿ, ಇನ್ನೊಂದನ್ನು ಬಿಲ್ಲೆಯ ಮೂಲಕ ಎರಡು ಫೋಟೋಡಯೋಡ್‌ಗಳಿಗೆ ಬೀಳಿಸುತ್ತಾರೆ. ಅವೆರಡರ ಅನುಪಾತವನ್ನು ಇಳಿಜಾರಿನ ನಡುವೆ ಒಂದು ಬೆಲೆಗೆ ಹಿಡಿದಿಟ್ಟರೆ ಆವೃತ್ತಿ ಅಲ್ಲಿಗೇ ಕಟ್ಟುಬೀಳುತ್ತದೆ. ಬೆಳಕಿನ ಪ್ರಮಾಣ ಏರಿದರೂ ಇಳಿದರೂ ಅನುಪಾತ ಕೆಡುವುದಿಲ್ಲ. ಇಷ್ಟು ಸರಳವಾದ, ಇಷ್ಟು ಚಂದದ ಉಪಾಯ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ತರಂಗದೂರ ಲಾಕರ್ ಎಂಬ ಹೆಸರಿನಲ್ಲಿ ಇದು ಲೇಸರ್ ಪೊಟ್ಟಣದ ಒಳಗೇ ಸಿಗುತ್ತದೆ. 50 ಗಿಗಾಹರ್ಟ್ಸ್ ಜಾಲದ ಮಾಡ್ಯೂಲ್‌ಗಳ ಪಟ್ಟಿಯಲ್ಲಿ ±2.5 ಗಿಗಾಹರ್ಟ್ಸ್ ಎಂಬ ಅಂಕಿಯನ್ನು ನೋಡುತ್ತೀರಿ. ಅದನ್ನು ನೋಡಿದಾಗ ಎರಡು ಪ್ರಶ್ನೆ ಕೇಳಿ: ಪೊಟ್ಟಣದ ಹೊರ ಉಷ್ಣತೆಯ ಪೂರ್ತಿ ವ್ಯಾಪ್ತಿಗೆ ಇದು ಅನ್ವಯಿಸುತ್ತದೆಯೇ? ಆಯುಷ್ಯದ ಕೊನೆಯವರೆಗೂ ಅನ್ವಯಿಸುತ್ತದೆಯೇ? ಎರಡಕ್ಕೂ ಹೌದು ಎಂದು ಬರೆದುಕೊಟ್ಟರೆ ಮಾತ್ರ ಆ ಅಂಕಿಗೆ ಬೆಲೆ.

ಕಾರಣ, ಬಿಲ್ಲೆಯೂ ಬಿಸಿಗೆ ಜಾರುತ್ತದೆ. ಶುದ್ಧ ಸಿಲಿಕಾ ಗಾಜಾದರೆ ಡಿಗ್ರಿಗೆ ಸುಮಾರು ಒಂದೂವರೆ ಗಿಗಾಹರ್ಟ್ಸ್. ಲೇಸರಿನ ಜಾರಿಕೆಯ ಎಂಟನೆಯ ಒಂದು ಪಾಲು. ಒಳ್ಳೆಯ ಸಾಕ್ಷಿ ಹೌದು, ಆದರೆ ಪೂರ್ತಿ ನಿಶ್ಚಲನಲ್ಲ.

ಎರಡನೆಯ ತೊಂದರೆ ಕರೆಂಟ್ ಹೋಗಿ ಬಂದಾಗ. ಎಟಲಾನಿನ ಎಲ್ಲ ಇಳಿಜಾರುಗಳೂ ಒಂದೇ ಥರ ಕಾಣುತ್ತವೆ. ಲೇಸರ್ ತಣ್ಣಗಿದ್ದು ಮೆಲ್ಲಗೆ ಬಿಸಿಯಾಗುವಾಗಲೇ ಹಿಡಿತ ಕೊಟ್ಟರೆ ಪಕ್ಕದ ವಾಹಿನಿಯ ಇಳಿಜಾರಿಗೆ ಕಚ್ಚಿಕೊಂಡು, ಎಲ್ಲವೂ ಸರಿಯಾಗಿದೆ ಎಂದು ದೀಪ ಉರಿಸುತ್ತ ಕುಳಿತುಬಿಡುತ್ತದೆ. ಒಳ್ಳೆಯ ಮಾಡ್ಯೂಲ್ ಮೊದಲು ನೆನಪಿನಲ್ಲಿರುವ ಉಷ್ಣತೆಗೆ ತಲುಪಿ, ಅಲ್ಲಿಯವರೆಗೆ ಬೆಳಕನ್ನು ಹೊರಗೆ ಬಿಡದೆ, ಆಮೇಲೆ ಎಟಲಾನನ್ನು ನಂಬುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಊರಿನಲ್ಲಿ ಇರುವವರು ಕೊಳ್ಳುವ ಮೊದಲು ಹತ್ತು ಸಲ ಆರಿಸಿ ಹಚ್ಚಿ ನೋಡಬೇಕು. ಪ್ರತಿಸಲವೂ ಅದೇ ಜಾಗಕ್ಕೆ ಬರುತ್ತದೆಯೇ ಎಂದು ಪರೀಕ್ಷಿಸಬೇಕು.

ಅನಿಲ ಮತ್ತು ಪರಮಾಣು: ಎಂದೂ ಜಾರದ ಶ್ರುತಿಪೆಟ್ಟಿಗೆ

ಅಸಿಟಿಲೀನ್ ತುಂಬಿದ ಗಾಜಿನ ಕೊಳವೆಯ ಮೂಲಕ 1520ರಿಂದ 1540 ನ್ಯಾನೋಮೀಟರ್ ಪ್ರದೇಶದ ಬೆಳಕನ್ನು ಹಾಯಿಸಿದರೆ ಕೆಲವು ಖಚಿತ ಆವೃತ್ತಿಗಳಲ್ಲಿ ಬೆಳಕು ಹೀರಲ್ಪಡುತ್ತದೆ. ಈ ಗೆರೆಗಳು ಅಣುವಿನ ಗುಣ. ಕಾಸರಗೋಡಿನ ಅಸಿಟಿಲೀನ್, ಟೋಕಿಯೋದ ಅಸಿಟಿಲೀನ್ ಎಂಬ ಭೇದವಿಲ್ಲ, ವಯಸ್ಸಾಗುವುದೂ ಇಲ್ಲ. ಇಂಗಾಲ-13 ಇರುವ ಅಸಿಟಿಲೀನಿನ ಒಂದು ಗೆರೆ, 1542.38 ನ್ಯಾನೋಮೀಟರಿನದು, ಅಂತಾರಾಷ್ಟ್ರೀಯ ಅಳತೆಶಾಸ್ತ್ರದ ಶಿಫಾರಸು ಪಟ್ಟಿಯಲ್ಲೇ ಇದೆ: 194.3696 ಟೆರಾಹರ್ಟ್ಸ್. ಹೈಡ್ರೋಜನ್ ಸಯನೈಡ್‌ನ ಗೆರೆಗಳು 1528ರಿಂದ 1562ರವರೆಗೆ ಇನ್ನೂ ಅಗಲವಾಗಿ ಹರಡಿವೆ. ಆದರೆ ಅದು ವಿಷ. ವಿದ್ಯಾರ್ಥಿಗಳ ಪ್ರಯೋಗಾಲಯಕ್ಕೆ ನಾನು ಅದನ್ನು ಒಪ್ಪುವುದಿಲ್ಲ.

ಗೆರೆಯ ನಡುವನ್ನು ಕಂಡುಹಿಡಿಯಲು ಲೇಸರಿನ ವಿದ್ಯುತ್ತನ್ನು ಒಂದಿಷ್ಟೇ ಇಷ್ಟು ಅಲುಗಿಸಿ, ದಾಟಿದ ಬೆಳಕು ಆ ಅಲುಗಾಟಕ್ಕೆ ಹೇಗೆ ಉತ್ತರಿಸುತ್ತದೆ ಎಂದು ನೋಡುತ್ತಾರೆ. ನಡುವಿನ ಒಂದು ಬದಿಯಲ್ಲಿ ಉತ್ತರ ಧನ, ಇನ್ನೊಂದು ಬದಿಯಲ್ಲಿ ಋಣ, ಸರಿನಡುವಿನಲ್ಲಿ ಸೊನ್ನೆ. ಆ ಸೊನ್ನೆಗೆ ಲೇಸರನ್ನು ಕಟ್ಟುತ್ತಾರೆ. ಅಣುಗಳ ಓಡಾಟದಿಂದ ಗೆರೆ ಸುಮಾರು 500 ಮೆಗಾಹರ್ಟ್ಸ್ ಅಗಲಗೊಂಡಿದ್ದರೂ ಅದರ ನಡುವನ್ನು ಕೆಲವು ಮೆಗಾಹರ್ಟ್ಸ್‌ನೊಳಗೆ ಹಿಡಿಯಬಹುದು. ಎದುರುಬದುರು ಬೆಳಕು ಹಾಯಿಸುವ ಸಂತೃಪ್ತ ಹೀರಿಕೆಯ ವಿಧಾನದಲ್ಲಿ ಕಿಲೋಹರ್ಟ್ಸ್‌ವರೆಗೂ ಹೋಗಬಹುದು; ಸಂವಹನಕ್ಕೆ ಅಷ್ಟು ಬೇಕಾಗುವುದೇ ಅಪರೂಪ.

ಇದರ ತೊಡಕು ಬೇರೆಯದು. ಪ್ರಕೃತಿ ಗೆರೆಗಳನ್ನು ಎಳೆದದ್ದು ಒಕ್ಕೂಟದ ಜಾಲರಿಯನ್ನು ನೋಡಿಕೊಂಡಲ್ಲ. ಮೇಲೆ ಹೇಳಿದ ಗೆರೆ 194.35ರ ವಾಹಿನಿಯಿಂದ 19.6 ಗಿಗಾಹರ್ಟ್ಸ್ ಮೇಲಿದೆ, 194.4ರಿಂದ 30.4 ಕೆಳಗಿದೆ. ಮಾಹಿತಿ ಸಾಗಿಸುವ ಲೇಸರನ್ನು ನೇರವಾಗಿ ಇದಕ್ಕೆ ಕಟ್ಟಿದರೆ ವಾಹಿನಿಯ ಅಂಚಿನಲ್ಲಿ ನಿಲ್ಲುತ್ತದೆ. ಅಲುಗಾಟದ ಗುರುತೂ ಮಾಹಿತಿಯ ಮೇಲೆ ಬೀಳುತ್ತದೆ. ಒಂದು ಲೇಸರನ್ನು ಗೆರೆಗೆ ಕಟ್ಟಿ, ಅದರಿಂದ ಗೊತ್ತಾದ ಅಂತರದಲ್ಲಿ ಇನ್ನೊಂದನ್ನು ಹಿಡಿಯುವುದು ಸರಿಯಾದ ಕ್ರಮ. ಭಾಗವತರ ಪಕ್ಕ ಶ್ರುತಿಪೆಟ್ಟಿಗೆ ಇಟ್ಟುಕೊಂಡಂತೆ. ಅದು ತಾನು ಹಾಡುವುದಿಲ್ಲ, ಹಾಡುವವರು ಅದಕ್ಕೆ ಕಿವಿಗೊಡುತ್ತಾರೆ.

ರುಬಿಡಿಯಂ ಬಗ್ಗೆ ಎರಡು ಮಾತು. ಅದರ ಹೆಸರಾಂತ ಗೆರೆ 780.24 ನ್ಯಾನೋಮೀಟರಿನದು; ಸರಿಯಾಗಿ ಇಮ್ಮಡಿ ಮಾಡಿದರೆ 1560.48, ಸಂವಹನದ ಪಟ್ಟಿಯೊಳಗೇ. 1560ರ ಲೇಸರಿನ ಆವೃತ್ತಿಯನ್ನು ಹರಳೊಂದರಲ್ಲಿ ದುಪ್ಪಟ್ಟು ಮಾಡಿ ರುಬಿಡಿಯಂಗೆ ಕಟ್ಟುವವರಿದ್ದಾರೆ. ಆ ಹರಳಿಗೂ ಅದರ ಒಲೆಗೂ ಆಗುವ ಖರ್ಚು ಸಣ್ಣ ಕಾಲೇಜಿಗೆ ಭಾರ. ಕಲಿಯುವುದೇ ಉದ್ದೇಶವಾದರೆ 780ರ ಅಗ್ಗದ ಡಯೋಡ್ ಮತ್ತು ಒಂದು ರುಬಿಡಿಯಂ ಕೊಳವೆ ಸಾಕು, ತಂತ್ರ ಒಂದೇ.

ಕುಹರ: ನಡುಕದ ಮದ್ದು

ಇಲ್ಲಿಯವರೆಗಿನದೆಲ್ಲ ಜಾರಿಕೆಗೆ. ನಡುಕವೇ ಶತ್ರುವಾದಾಗ ಎರಡು ಕನ್ನಡಿಗಳ ನಡುವಿನ ಕುಹರಕ್ಕೆ ಲೇಸರನ್ನು ಕಟ್ಟುವ ಪೌಂಡ್–ಡ್ರೆವರ್–ಹಾಲ್ ವಿಧಾನವಿದೆ. ರಾಬರ್ಟ್ ಪೌಂಡ್ ಸೂಕ್ಷ್ಮತರಂಗಗಳಿಗೆ ಮಾಡಿದ್ದ ಉಪಾಯವನ್ನು ರೊನಾಲ್ಡ್ ಡ್ರೆವರ್, ಜಾನ್ ಹಾಲ್ ಮತ್ತು ಜೊತೆಗಾರರು ಬೆಳಕಿಗೆ ತಂದದ್ದನ್ನು 1983ರಲ್ಲಿ ಪ್ರಕಟಿಸಿದರು. ಗುರುತ್ವ ಅಲೆಗಳನ್ನು ಹಿಡಿದ ಲಿಗೊದಲ್ಲೂ ಇದೇ ತಂತ್ರವಿದೆ. ಅತ್ಯುತ್ತಮ ಕುಹರಗಳೊಂದಿಗೆ ಒಂದು ಹರ್ಟ್ಸ್‌ಗೂ ಕಡಿಮೆ ಅಗಲ ಸಾಧ್ಯ. ಆದರೆ ಕುಹರ ತನ್ನ ಜಾಗ ಎಲ್ಲಿ ಎಂದು ಹೇಳುವುದಿಲ್ಲ, ಅದೂ ಮೆಲ್ಲಗೆ ಜಾರುತ್ತದೆ. ನಿರ್ವಾತ, ಕಂಪನ ತಡೆ, ವೇಗದ ಇಲೆಕ್ಟ್ರಾನಿಕ್ಸ್ ಎಲ್ಲ ಬೇಕು. ಬೆಳಕಿನ ಗಡಿಯಾರಗಳನ್ನು ಫೈಬರಿನಲ್ಲಿ ಹೋಲಿಸುವವರಿಗೆ, ಗುಟ್ಟಿನ ಸಂಕೇತದ ಕೀಲಿಯನ್ನು ಬೆಳಕಿನ ಕಣಗಳಲ್ಲಿ ಕಳುಹಿಸುವ, 2018ರಲ್ಲಿ ಸೂಚಿಸಲಾದ ಅವಳಿ-ಕ್ಷೇತ್ರ ಕ್ವಾಂಟಂ ಕೀಲಿ ಹಂಚಿಕೆಯಂಥ ಕೆಲಸ ಮಾಡುವವರಿಗೆ ಮಾತ್ರ ಇದು ತಕ್ಕದ್ದು.

ಸಾಮಾನ್ಯ ಸಂವಹನದಲ್ಲಿ ನಡುಕ ಕಡಿಮೆ ಮಾಡಬೇಕಾದರೆ ಬಾಹ್ಯ ಕುಹರದ ಲೇಸರನ್ನೇ ಕೊಳ್ಳುವುದು ಲೇಸು. ಅರೆವಾಹಕ ಲೇಸರಿನ ರೇಖೆ ಯಾಕೆ ಇಷ್ಟು ಅಗಲ ಎಂಬುದನ್ನು 1982ರಲ್ಲಿ ಚಾರ್ಲ್ಸ್ ಹೆನ್ರಿ ವಿವರಿಸಿದರು: ಒಳಗೆ ವಿದ್ಯುತ್ತನ್ನು ಒಯ್ಯುವ ವಾಹಕಗಳ (ಇಲೆಕ್ಟ್ರಾನ್‌ನಂಥವು) ಸಂಖ್ಯೆ ಅಲುಗಿದರೆ ವರ್ಧನೆಯ ಜೊತೆಗೆ ವಕ್ರೀಭವನ ಸೂಚ್ಯಂಕವೂ ಅಲುಗುತ್ತದೆ. ಚಿಪ್‌ನ ಹೊರಗೆ ಉದ್ದದ ಕುಹರ ಕಟ್ಟಿದರೆ ಆ ಅಲುಗಾಟದ ಪರಿಣಾಮ ಕುಗ್ಗುತ್ತದೆ. ಡಿಎಫ್‌ಬಿಯಲ್ಲಿ ಸಾಮಾನ್ಯವಾಗಿ ಕೆಲವು ಮೆಗಾಹರ್ಟ್ಸ್ ಇರುವ ಅಗಲ 100 ಕಿಲೋಹರ್ಟ್ಸ್‌ನ ಆಸುಪಾಸಿಗೋ ಕೆಳಗೋ ಇಳಿಯುತ್ತದೆ.

ಬೆಳಕಿನ ಅಲೆಯ ಹಂತವನ್ನೂ (ಫೇಸ್) ಓದುವ ಸುಸಂಬದ್ಧ ಸಂವಹನದಲ್ಲಿ ಗ್ರಾಹಕದ ಕಡೆಯೂ ಒಂದು ಲೇಸರ್ ಇರುತ್ತದೆ. ಎರಡೂ ಲೇಸರುಗಳು ನಿಖರವಾಗಿ ಕೂಡಬೇಕೆಂಬ ಹಟ ಹಿಂದೆ ಇತ್ತು. ಈಗ ಗ್ರಾಹಕದ ಗಣಕ ಕೆಲವು ಗಿಗಾಹರ್ಟ್ಸ್ ವ್ಯತ್ಯಾಸವನ್ನು ತಾನೇ ಲೆಕ್ಕಹಾಕಿ ಕಳೆಯುತ್ತದೆ. ಹಾಗಾಗಿ ಎರಡೂ ಕಡೆ ಎಟಲಾನ್ ಲಾಕರ್ ಇದ್ದರೆ ಜಾರಿಕೆಯ ಮಟ್ಟಿಗೆ ಸಾಕು. ಗಣಕ ಸೋಲುವುದು ನಡುಕಕ್ಕೆ: ನಾಲ್ಕು ಹಂತಗಳ ಸಂಕೇತಕ್ಕೆ ಕೆಲವು ನೂರು ಕಿಲೋಹರ್ಟ್ಸ್ ನಡೆಯುತ್ತದೆ, ಹಂತದ ಜೊತೆ ಅಲೆಯ ಎತ್ತರವನ್ನೂ ಬಳಸುವ ಹದಿನಾರು ಬಿಂದುಗಳದ್ದಾದರೆ 100 ಕಿಲೋಹರ್ಟ್ಸ್ ಸುತ್ತಮುತ್ತಲಿನ ಲೇಸರ್ ಹುಡುಕಿ.

ಯಾವ ದಾರಿ ಹಿಡಿದರೂ ಲೇಸರಿನ ಮುಂದೆ ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಐಸೊಲೇಟರ್ ಇರಲಿ. ಎದುರಿನ ಕನೆಕ್ಟರ್‌ನಿಂದ ತಿರುಗಿ ಬರುವ ಬೆಳಕು ಎಷ್ಟು ದುಬಾರಿ ಹಿಡಿತವನ್ನೂ ಕೆಡಿಸುತ್ತದೆ. ಕೇಬಲ್ ಟಿವಿಯವರು ಬಳಸುವ ಎಂಟು ಡಿಗ್ರಿ ಓರೆಯ ಹಸಿರು ಕನೆಕ್ಟರ್ ಇದಕ್ಕೆ ಅಗ್ಗದ ಸಹಾಯ. ಅದನ್ನು ನೀಲಿ ಕನೆಕ್ಟರಿಗೆ ಎಂದೂ ಸೇರಿಸಬೇಡಿ.

ವಿದ್ಯಾರ್ಥಿನಿ ಬಟರ್‌ಫ್ಲೈ ಡಿಎಫ್‌ಬಿ, ಒಳ್ಳೆಯ ಚಾಲಕ, ಒಂದು ಅಸಿಟಿಲೀನ್ ಕೊಳವೆ ಆರಿಸಿದಳು. ಎಟಲಾನನ್ನು ಬಿಟ್ಟಳು, ಏಕೆಂದರೆ ಅವಳಿಗೆ ಬೇಕಾದದ್ದು ಒಂದೇ ಆವೃತ್ತಿ. ಚಾಲಕವನ್ನು ಬ್ಯಾಟರಿಗೆ ಬದಲಿಸಿದ ದಿನ ರಾತ್ರಿ ಫೋನ್ ಮಾಡಿದಳು. ಪರದೆಯ ಮೇಲೆ ಗೆರೆಯ ನಡುವೆ ಸೊನ್ನೆಯನ್ನು ದಾಟುವ ಓರೆ ಮೊದಲ ಸಲ ಸ್ವಚ್ಛವಾಗಿ ಕಂಡಿತ್ತಂತೆ. ಹಿಡಿತ ಕೊಟ್ಟ ಮೇಲೆ ನಲವತ್ತು ನಿಮಿಷ ನಿಂತಿತ್ತು. ಆಮೇಲೆ ಹೊರಗೆ ಮಳೆ ಜೋರಾಗಿ ಕೋಣೆ ತಣ್ಣಗಾಯಿತು, ಕೊಳವೆಯ ಕಿಟಕಿಗಾಜುಗಳ ನಡುವಿನ ಪ್ರತಿಫಲನ ಸರಿದು ಸೊನ್ನೆಯೇ ಸ್ವಲ್ಪ ಜರುಗಿತು. ಈಗ ಓರೆ ಕಿಟಕಿಯ ಕೊಳವೆ ಹುಡುಕುತ್ತಿದ್ದಾಳೆ.